ಸ್ಟೇಡಿಯಂ ಅಧ್ಯಕ್ಷರು

ಮಕ್ಕಳೇ, ಬಳ್ಳಾರಿಯಲ್ಲಿ ನಮ್ಮ ಮನೆಯ ಹಿಂದೆ ಫುಟ್‌ಬಾಲ್ ಸ್ಟೇಡಿಯಂ ಇದ್ದಾಗ ಅದಕ್ಕೊಬ್ಬರು ಅಧ್ಯಕ್ಷರಿದ್ದರು. ಅವರು ಎಂದೂ ಚೆಂಡು ಒದ್ದವರಲ್ಲ, ಪ್ರತಿ ಪಂದ್ಯಕ್ಕೂ ಕಾಯಿ ಒಡೆಯುತ್ತಿದ್ದವರು. ಸ್ಟೇಡಿಯಂ ಕೆಡವಿ ಅಂಗಡಿ ಕಟ್ಟುತ್ತಾರೆಂಬ ಸುದ್ದಿ ಬಂದಾಗ ಮೀಸೆ ನೀವಿಕೊಂಡು, "ನಾ ಇರೋತನಕ ಒಂದು ಇಟ್ಟಂಗಿ ಅಲುಗಂಗಿಲ್ಲ" ಎಂದರು. ದಿನವೂ ಅದನ್ನೇ ಹೇಳಿದರು. ಆಟಗಾರರು ನಂಬಿದರು.

ಬುಲ್ಡೋಜರ್ ಬಂದ ದಿನ ನಾನು ಮಾಳಿಗೆಯಿಂದ ನೋಡುತ್ತಿದ್ದೆ. ಅಧ್ಯಕ್ಷರು ನಿಜವಾಗಿಯೂ ಅದಕ್ಕೆ ಅಡ್ಡ ನಿಂತರು. ಡ್ರೈವರ್ ಕೆಳಗಿಳಿದು, "ಮಷೀನಿಗೆ ಪೂಜೆ ಆಗಬೇಕ್ರಿ. ನೀವ ಹಿರೇರು, ಕಾಯಿ ಒಡೀರಿ" ಎಂದ. ಕಾಯಿ ಕಂಡರೆ ಅವರ ಕೈ ತಡೆಯುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಒಂದೇ ಏಟಿಗೆ ಒಡೆದರು. ಅದರ ಬೆನ್ನಿಗೇ ಬುಲ್ಡೋಜರ್ ಅವರನ್ನು ಬಳಸಿ ಮುಂದೆ ಹೋಯಿತು, ಗ್ಯಾಲರಿ ಉರುಳಿತು.

"ನಾವಿನ್ನ ಎಲ್ಲಿ ಆಡಾದ್ರಿ?" ಎಂದು ಗೋಲ್‌ಕೀಪರ್ ಕೇಳಿದ.

ಅಧ್ಯಕ್ಷರು ಅವನ ಕೈಗೆ ಕಾಯಿಚೂರು ಇಟ್ಟು, "ಮದ್ಲು ಪ್ರಸಾದ ತಿನ್ನಲೇ" ಎಂದರು.