ಮೀಸೆಯವನ ಮೇಲೊಬ್ಬ ಏರಿದ್ದು

ನಿನ್ನೆ ಸಂಜೆ ಒಗ್ಗರಣೆಗೆ ಹಾಕಿದ ಮೆಣಸಿನಕಾಯಿ ಕರಕಾಯಿತು. ತಪ್ಪು ನನ್ನದಲ್ಲ. ಇಲ್ಲಿನ ಕರೆಂಟಿನ ಒಲೆಗೆ ಉರಿ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಆರಿಸಿದ ಮೇಲೂ ಸಿಟ್ಟು ಇಟ್ಟುಕೊಂಡ ಅತ್ತೆಯಂತೆ ಒಳಗೊಳಗೇ ಕಾಯುತ್ತಿರುತ್ತದೆ. ಘಾಟು ಎದ್ದದ್ದೇ ತಡ, ಮೊಮ್ಮಗಳು ಮೇಘಾ ಟವೆಲ್ ಎತ್ತಿಕೊಂಡು ಓಡಿ ಬಂದು, ಹೊಗೆ ಕಂಡರೆ ಕೂಗುವ ಆ ಬಿಳಿ ಡಬ್ಬಿಯ ಕೆಳಗೆ ನಿಂತು ಬೀಸತೊಡಗಿದಳು. ಕೈ ಬೀಸುತ್ತಿತ್ತು, ಕಣ್ಣು ಮಾತ್ರ ಹಾಲ್‌ನ ಟಿವಿಯ ಮೇಲಿತ್ತು. "ಅಜ್ಜಿ, ಹಿ ಟೈಡ್ ಹಿಮ್! ಇನ್ನೊಂದು ಹೊಡೆದ್ರೆ ನಂಬರ್ ಒನ್!" ಎಂದಳು.

ಯಾರು, ಯಾರನ್ನು ಎಂದು ನಾನು ಕೇಳಲಿಲ್ಲ. ಮೆಣಸಿನಕಾಯಿಯ ಘಾಟು ಮತ್ತು ಬೇಸ್‌ಬಾಲ್ ಎರಡೂ ಒಟ್ಟಿಗೆ ಬಂದರೆ ನನಗೆ ಒಂದೇ ಮಧ್ಯಾಹ್ನ ನೆನಪಾಗುತ್ತದೆ. ಒಲೆ ಆರಿಸಿ, ಸೌಟು ಕೈಯಲ್ಲೇ ಹಿಡಿದು, ಹಾಲ್‌ಗೆ ಬಂದು ಕೂತೆ.

ನಿಮಗೆ ಬೇಸ್‌ಬಾಲ್ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. ನನಗೂ ಪೂರ್ತಿ ಗೊತ್ತಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಇಷ್ಟು ವರ್ಷ ನೋಡಿ ತಿಳಿದದ್ದು ಇಷ್ಟೇ. ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ಒನಕೆಯಂಥ ದಾಂಡು ಹಿಡಿದು ನಿಂತಿರುತ್ತಾನೆ. ಹೆಚ್ಚಿನ ಹೊತ್ತು ಏನೂ ಆಗುವುದಿಲ್ಲ. ಎಸೆಯುವವನು ಯೋಚನೆ ಮಾಡುತ್ತಾನೆ, ಹೊಡೆಯುವವನು ಮಣ್ಣು ಕೆರೆಯುತ್ತಾನೆ, ನೋಡುವವರು ತಿನ್ನುತ್ತಾರೆ. ಯಾವಾಗಲೋ ಒಮ್ಮೆ ಚೆಂಡು ದೂರದ ಗೋಡೆ ದಾಟಿ ಜನರ ಮಧ್ಯೆ ಬೀಳುತ್ತದೆ. ಅದು ಹೋಮ್ ರನ್. ಹೊಡೆದವನು ನಾಲ್ಕು ಮೂಲೆ ಸುತ್ತಿ, ಅವಸರವಿಲ್ಲದೆ, ಹೊರಟ ಜಾಗಕ್ಕೇ ತಿರುಗಿ ಬರುತ್ತಾನೆ. ಹೊರಟಲ್ಲಿಗೇ ಬರುವುದಕ್ಕೆ ಇಷ್ಟು ಚಪ್ಪಾಳೆಯೇ ಎಂದು ಮೊದಲು ನಗುತ್ತಿದ್ದೆ.

ಹೀಗೆ ಹೊಡೆದವರಿಗೆ ಒಂದು ಪಟ್ಟಿ ಇದೆ. ಟೊರಾಂಟೊದ ತಂಡ ಹುಟ್ಟಿದಾಗಿನಿಂದ ಯಾರು ಎಲ್ಲರಿಗಿಂತ ಹೆಚ್ಚು ಹೊಡೆದರು, ಅವರ ಕೆಳಗೆ ಯಾರು ಎಂದು ಟಿವಿಯವರು ಆಗಾಗ ತೋರಿಸುತ್ತಾರೆ. ಈಗ ಆಡುತ್ತಿರುವವನೊಬ್ಬ ಹೊಡೆದನೆಂದರೆ ಅವನ ಹೆಸರು ಒಂದು ಮೆಟ್ಟಿಲು ಏರುತ್ತದೆ. ಅವನು ಏರಿದ ಮೆಟ್ಟಿಲಿನ ಮೇಲೆ ಮೊದಲೇ ಕೂತವನೊಬ್ಬ ಇದ್ದೇ ಇರುತ್ತಾನಲ್ಲ, ನನ್ನ ಕಣ್ಣು ಸದಾ ಅವನ ಮೇಲೆ.

ನಾನು ಹುಬ್ಬಳ್ಳಿಯಿಂದ ಟೊರಾಂಟೊ ಪಕ್ಕದ ಈ ವಿಟ್ಬಿ ಊರಿಗೆ ಬಂದಾಗ ಮೇಘಾ ತೊಟ್ಟಿಲಲ್ಲಿದ್ದಳು. ಮಗಳು ಶೈಲಾ, ಅಳಿಯ ಇಬ್ಬರೂ ಬೆಳಿಗ್ಗೆ ಎದ್ದು ಹೈವೇ ಹಿಡಿದರೆ ಮನೆಯಲ್ಲಿ ಉಳಿಯುತ್ತಿದ್ದವರು ನಾನು, ಕೂಸು ಮತ್ತು ಟಿವಿ. ಹಿಂದಿ ಚಾನೆಲ್‌ಗೆ ಬೇರೆ ದುಡ್ಡು ಕೊಡಬೇಕು ಎಂದರು. ಬೇಸ್‌ಬಾಲ್ ಪುಕ್ಕಟೆ ಬರುತ್ತಿತ್ತು. ಹಾಗೆ ಅಂಟಿದ್ದು ಈ ಚಟ.

ಆಗ ನಮ್ಮ ತಂಡದಲ್ಲಿ ಒಬ್ಬ ದಪ್ಪ ಮೀಸೆಯವನಿದ್ದ. ನಮ್ಮ ಓಣಿಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ; ಅದೇ ರೂಢಿಯಲ್ಲಿ ಬೆಳೆದ ನಾಲಿಗೆಗೆ ಕಂಡ ಗಂಡಸರ ಹೆಸರೂ ಹತ್ತುವುದಿಲ್ಲ. ಅವನು ನನಗೆ ಮೀಸೆಯವನು, ಅಷ್ಟೇ. ಅವನು ಹೊಡೆದು ಹೊಡೆದು ಪಟ್ಟಿಯ ತಲೆಗೆ ಹೋಗಿ ಕೂತ. ಜೂನ್ ತಿಂಗಳಲ್ಲಿ ಇಲ್ಲಿನ ಸೂರ್ಯನಿಗೆ ಮನೆಗೆ ಹೋಗುವ ಮನಸ್ಸೇ ಇರುವುದಿಲ್ಲ. ರಾತ್ರಿ ಊಟದ ಹೊತ್ತಿಗೂ ಕಿಟಕಿಯಲ್ಲಿ ಅರಿಸಿನದ ಬೆಳಕು. ಕೂಸು ತೊಡೆಯ ಮೇಲೆ, ಟಿವಿಯಲ್ಲಿ ಹಸಿರು ಹುಲ್ಲು, ಜನರ ಗುಜುಗುಜು. ನನಗೆ ಜೋಂಪು ಹತ್ತುತ್ತಿತ್ತು. ಆ ಅರೆನಿದ್ದೆಯಲ್ಲಿ ಮೀಸೆಯವನು ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಓಡುತ್ತಿದ್ದ. ಮೊದಲ ಮೂಲೆ ಹಿಟ್ಟಿನ ಗಿರಣಿ, ಎರಡನೆಯದು ನೀರಿನ ಟಾಕಿ, ಮೂರನೆಯದು ಬೇವಿನ ಗಿಡ, ನಾಲ್ಕನೆಯದಕ್ಕೆ ಬಂದರೆ ನಮ್ಮ ಮನೆಯ ಕಟ್ಟೆ. ಕಟ್ಟೆಯ ಮೇಲೆ ಕೂತು ಮೀಸೆ ಒರೆಸಿಕೊಂಡು ನೀರು ಕೇಳುತ್ತಿದ್ದ. ನಾನು ತಂಬಿಗೆ ತರಲು ಏಳುವಷ್ಟರಲ್ಲಿ ಎಚ್ಚರವಾಗುತ್ತಿತ್ತು.

ಎಷ್ಟು ಹೊಡೆದರೇನು, ಮೀಸೆಯವನನ್ನು ಒಂದು ದಿನ ಬೇರೆ ಊರಿನ ತಂಡಕ್ಕೆ ಕಳಿಸಿದರು. ಇಲ್ಲಿ ಹಾಗೇ, ಎತ್ತು ಮಾರಿದಂತೆ. ಹೆಸರು ಮಾತ್ರ ಪಟ್ಟಿಯ ತಲೆಯ ಮೇಲೆ ಉಳಿಯಿತು.

ಮೇಘಾ ಶಾಲೆಗೆ ಹೋಗುವಷ್ಟು ದೊಡ್ಡವಳಾದ ಮೇಲೆ ಮೈಸೂರಿನಿಂದ ಬೀಗತಿ ಬಂದರು. ಅಳಿಯನ ತಾಯಿ. ತೆಳ್ಳಗೆ, ಬೆಳ್ಳಗೆ, ಇಸ್ತ್ರಿ ಮಾಡಿದ ಸೀರೆ. ಮೊಣಕಾಲು ನೋವು. ಮೇಲೆ ಬಿಸಿಲು ಬೀಳುವ ಸಣ್ಣ ರೂಮು ನನ್ನದಾಗಿತ್ತು. ಯಾರೂ ಬಾಯಿಬಿಟ್ಟು ಕೇಳಲಿಲ್ಲ; ಕೇಳುವ ಮೊದಲೇ ನಾನು ಹಾಸಿಗೆ ಸುತ್ತಿಕೊಂಡು ಬೇಸ್‌ಮೆಂಟಿಗೆ ಇಳಿದೆ. ದೊಡ್ಡತನವಲ್ಲ, ಲೆಕ್ಕಾಚಾರ. ಮಗಳ ಮನೆಯಲ್ಲಿ ಬಹಳ ದಿನ ಕೂಡಬಾರದು ಎನ್ನುವ ಸೀಮೆಯವಳು ನಾನು. ಗಂಡಿನ ತಾಯಿ ಬಂದ ಮೇಲೆ ಹೆಣ್ಣಿನ ತಾಯಿಯ ದಾರಿ ಯಾವುದು ಎಂದು ನನಗೆ ಗೊತ್ತಿತ್ತು: ಮೇಲಿನ ರೂಮಿನಿಂದ ಬೇಸ್‌ಮೆಂಟು, ಬೇಸ್‌ಮೆಂಟಿನಿಂದ ಏರ್‌ಪೋರ್ಟು.

ಆಗ ಟಿವಿ ಬೇಸ್‌ಮೆಂಟಿನಲ್ಲಿತ್ತು. ಮೊಣಕಾಲು ಮಡಚಲಾಗದ ಬೀಗತಿ ದಿನಾ ಸಂಜೆ ಕಂಬಿ ಹಿಡಿದು, ಏಡಿಯಂತೆ ಅಡ್ಡಡ್ಡ ಇಳಿದು ಬಂದು ಸೋಫಾದ ಆ ತುದಿಗೆ ಕೂರುತ್ತಿದ್ದರು. ಈ ತುದಿಗೆ ನಾನು. ನಡುವೆ ಮೇಘಾ.

"ಏನ್ರಿ ಬೀಗರ, ಮಲಗಾಕ ಇಳ್ಯಾಕ ಬರಂಗಿಲ್ಲ ಅಂದ್ರಿ, ಆಟಕ್ಕ ಬರತೈತೇನು ಕಾಲು?" ಎಂದು ಕೇಳಿಯೇಬಿಟ್ಟೆ.

"ಆಟಕ್ಕಲ್ಲ ಬೀಗ್ರೇ, ಮೇಲೆ ಒಬ್ಳೇ ಕೂತ್ರೆ ಫ್ರಿಜ್ಜಿನ ಸದ್ದು ಕೇಳುತ್ತೆ," ಎಂದರು.

ಒಂದು ವಾರದಲ್ಲಿ ಅವರಿಗೂ ಒಬ್ಬ ಹುಡುಗ ಸಿಕ್ಕಿದ. ತಂಡದಲ್ಲಿ ಆಗ ಮೇಲೇರುತ್ತಿದ್ದವನು. ಸದಾ ಏನೋ ಜಗಿಯುತ್ತಿದ್ದ. ತಮ್ಮ ಸತ್ತುಹೋದ ಅಣ್ಣ ಹೀಗೇ ಎಲೆಅಡಿಕೆ ಜಗಿಯುತ್ತಿದ್ದರೆಂದು ಬೀಗತಿಗೆ ಅವನ ಮೇಲೆ ಮಮತೆ. ನಾನು ಅವನಿಗೆ ಅಡಿಕೆಬಾಯಿ ಎಂದು ಹೆಸರಿಟ್ಟೆ. ಅವರು ಬೇಸರಪಟ್ಟುಕೊಳ್ಳಲಿಲ್ಲ, ತಾವೂ ಹಾಗೇ ಕರೆದರು. ಅಡಿಕೆಬಾಯಿ ಒಂದೊಂದೇ ಮೆಟ್ಟಿಲು ಏರತೊಡಗಿದ. ಮೇಘಾ ಪಟ್ಟಿ ಓದಿ ಹೇಳುವಳು. ನಾಲ್ಕನೆಯವನಾದ, ಮೂರನೆಯವನಾದ, ಎರಡನೆಯವನಾದ. ಉಳಿದದ್ದು ನನ್ನ ಮೀಸೆಯವನು ಒಬ್ಬನೇ.

ಮನೆಯಲ್ಲೂ ಇದೇ ಆಟ ನಡೆದಿತ್ತು. ಬೀಗತಿಯ ಹುಳಿ ಮೇಘಾಗೆ ಸೇರಿತು. ಬೀಗತಿ ಹೇಳುವ ಕಥೆ ಸೇರಿತು. ನನ್ನ ಜೋಳದ ರೊಟ್ಟಿ ತಟ್ಟೆಯ ಅಂಚಿಗೆ ಸರಿಯಿತು. ಒಂದು ಸಂಜೆ ಬೇಸ್‌ಮೆಂಟಿನಲ್ಲಿ ಬಟ್ಟೆ ಮಡಚುತ್ತಿದ್ದಾಗ, ಬಿಸಿಗಾಳಿ ಬರುವ ಜಾಲರಿಯಿಂದ ಅಡುಗೆಮನೆಯ ಮಾತು ಕೇಳಿಸಿತು.

"ಇಬ್ರೂ ಇದ್ರೆ ಮನೆ ಸಾಲಲ್ಲ ಶೈಲಾ. ಚಳಿಗಾಲಕ್ಕೆ ಮುಂಚೆ ಒಬ್ರನ್ನ ಕಳಿಸೋದು ವಾಸಿ," ಎಂದ ಅಳಿಯ.

"ಯಾರನ್ನ?" ಎಂದಳು ಮಗಳು.

ಡ್ರಾಯರ್ ದೂಡಿ ಮುಚ್ಚಿದ ಸದ್ದು ಬಂತು.

ಅಳಬೇಕಿತ್ತೇನೋ. ನನಗೆ ಅಳು ಬೇಗ ಬರುವುದಿಲ್ಲ. ಹುಬ್ಬಳ್ಳಿಯಲ್ಲಿ ತಮ್ಮನ ಮನೆ ಇತ್ತು, ಅನ್ನಕ್ಕೆ ಕೊರತೆ ಇರಲಿಲ್ಲ. ಆದರೆ ಅಲ್ಲಿ ಮೇಘಾ ಇರಲಿಲ್ಲ. ಇನ್ನೆರಡು ವರ್ಷ ಕಳೆದರೆ ಆ ಹುಡುಗಿಗೆ ಅಜ್ಜಿ ಎಂದರೆ ಮೈಸೂರಿನ ಅಜ್ಜಿ. ಅಂದು ಮೀಸೆಯವನ ಸಂಕಟ ನನಗೆ ಸರಿಯಾಗಿ ಅರ್ಥವಾಯಿತು. ಇದ್ದವನ ಲೆಕ್ಕ ದಿನಾ ಬೆಳೆಯುತ್ತದೆ, ಹೋದವನದು ನಿಂತಲ್ಲೇ ನಿಲ್ಲುತ್ತದೆ. ಎಲ್ಲೋ ದೂರದಲ್ಲಿ ಕೂತು, ತನ್ನ ಜಾಗಕ್ಕೆ ಇನ್ನೊಬ್ಬ ಬರುವುದನ್ನು ನೋಡಬೇಕು, ದಾಂಡು ಎತ್ತುವಂತಿಲ್ಲ.

ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನ. ಮೀಸೆಯವನದೂ ಅಡಿಕೆಬಾಯಿಯದೂ ಲೆಕ್ಕ ಸಮಸಮ ಆಗಿತ್ತು. ಮಗಳು, ಅಳಿಯ ಅಂಗಡಿಗೆ ಹೋಗಿದ್ದರು. ಸೋಫಾದ ಆ ತುದಿಯಲ್ಲಿ ಬೀಗತಿ ಸೆರಗು ಬಿಗಿಹಿಡಿದು ಕೂತಿದ್ದರು. ಅಡಿಕೆಬಾಯಿ ದಾಂಡು ತಿರುಗಿಸುತ್ತಾ ಬಂದ. ನಾನು ಬಾಯಿ ತೆರೆದೆ.

"ಆಹಾ, ಏನ್ ತೋಳು! ಏನ್ ಎದಿ! ಮೇವು ಉಂಡ ಕಿಲಾರಿ ಹೋರಿ ಇದ್ದಂಗ ಅದಾನ ನೋಡ್ರಿ! ಇಂಥಾ ಮೈಕಟ್ಟು ನಾ ಹುಟ್ಟಿದಾಗಿಂದ ನೋಡಿಲ್ಲ!"

ಹೊಗಳಿ ಸುಮ್ಮನಾದೆ. ಥೂ ಥೂ ಎನ್ನಲಿಲ್ಲ. ಇದರ ಅರ್ಥ ಏನೆಂದು ಮೈಸೂರಿನವರಿಗೂ ಗೊತ್ತು. ಅಡಿಕೆಬಾಯಿ ಗಾಳಿಗೆ ಹೊಡೆದು, ತಲೆ ತಗ್ಗಿಸಿಕೊಂಡು ಹೋಗಿ ಬೆಂಚಿನಲ್ಲಿ ಕೂತ. ಬೀಗತಿ ನನ್ನನ್ನು ಒಂದು ಗಳಿಗೆ ನೋಡಿದರು. ಎದ್ದು ಮೆಟ್ಟಿಲು ಹತ್ತಿದರು. ತಿರುಗಿ ಬಂದಾಗ ಮುಷ್ಟಿಯಲ್ಲಿ ಉಪ್ಪು, ನನ್ನದೇ ಡಬ್ಬಿಯ ಬ್ಯಾಡಗಿ ಮೆಣಸಿನಕಾಯಿ. ಅಡಿಕೆಬಾಯಿ ಮತ್ತೆ ಆಡಲು ಬರುವ ಹೊತ್ತಿಗೆ ಟಿವಿಗೆ ನಿವಾಳಿಸುತ್ತಾ ನಿಂತಿದ್ದರು.

"ನಾಯಿ ಕಣ್ಣು, ನರಿ ಕಣ್ಣು, ಊರೋರ ಕಣ್ಣು, ಕೇರಿಯೋರ ಕಣ್ಣು, ಬೀಗರ ಕಣ್ಣು, ಎಲ್ಲಾ ಸುಟ್ಟು ಹೋಗ್ಲಿ."

"ಅಜ್ಜಿ, ಯು ಆರ್ ಬ್ಲಾಕಿಂಗ್ ದ ಟಿವಿ!" ಎಂದು ಮೇಘಾ ಅರಚಿದಳು.

ನಿವಾಳಿಸಿದ್ದನ್ನು ಬೆಂಕಿಗೆ ಹಾಕಬೇಕಲ್ಲ. ಬೀಗತಿ ಮತ್ತೆ ಮೇಲೆ ಹೋಗಿ, ಕೆಂಪಗೆ ಕಾದ ಒಲೆಯ ಸುರುಳಿಯ ಮೇಲೆ ಎಲ್ಲವನ್ನೂ ಸುರಿದರು. ಮುಂದಿನದು ನಿಮಗೇ ಗೊತ್ತಾಗಿರಬೇಕು. ಮನೆತುಂಬ ಘಾಟು, ಬಿಳಿ ಡಬ್ಬಿಯ ಚೀರಾಟ. ಒಂದು ಚೀರಿದರೆ ಮನೆಯ ಎಲ್ಲ ಡಬ್ಬಿಗಳೂ ಚೀರುವ ಏರ್ಪಾಡು. ಸೆರಗಿನಿಂದ ಮೂಗು ಮುಚ್ಚಿಕೊಂಡು ಒಲೆ ಆರಿಸಿದೆ. ಒಂದು ಕೈಯಲ್ಲಿ ಮೇಘಾ, ಇನ್ನೊಂದರಲ್ಲಿ ಬೀಗತಿ, ಮೂವರೂ ಬರಿಗಾಲಲ್ಲಿ ಮನೆ ಮುಂದೆ ಕಾರು ನಿಲ್ಲಿಸುವ ಜಾಗಕ್ಕೆ ಬಂದು ಬಿದ್ದೆವು. ಪಕ್ಕದ ಮನೆಯ ಇಟಲಿಯ ಮುದುಕ ಗರಾಜಿನಲ್ಲಿ ಟೊಮೆಟೊ ಆರಿಸುತ್ತಾ, ರೇಡಿಯೊದಲ್ಲಿ ಅದೇ ಆಟ ಕೇಳುತ್ತಾ ಕೂತಿದ್ದ. ನಮ್ಮನ್ನು ನೋಡಿ, ಗಾಳಿ ಮೂಸಿ, ತಾನೂ ಕೆಮ್ಮಿದ.

ಬೀಗತಿ ಕಣ್ಣೊರೆಸಿಕೊಂಡರು. "ಬೀಗ್ರೇ, ಘಾಟು ನೋಡಿದ್ರಾ?"

"ನೋಡೂದೇನ್ರಿ, ಜೀವಾ ಹೋಗಾಕತ್ತೈತಿ."

"ಅದಲ್ಲ. ದೃಷ್ಟಿ ತಾಗಿದ್ರೆ ಘಾಟೇ ಬರಬಾರ್ದು. ಇಷ್ಟು ಬಂತು ಅಂದ್ರೆ ನಿಮ್ ಕಣ್ಣಲ್ಲಿ ಏನೂ ಇರ್ಲಿಲ್ಲ."

"ಇತ್ತರೀ. ಬೇಕಂತ ಹೊಗಳೀನಿ."

"ಅದು ನಂಗೊತ್ತಿಲ್ವಾ? ಆದ್ರೂ ತಾಗ್ಲಿಲ್ಲ ನೋಡಿ. ನಿಮ್ ಕೈಲಿ ಆಗೋ ಕೆಲ್ಸ ಅಲ್ಲ ಅದು."

ಬ್ಯಾಡಗಿಗೆ ಬಣ್ಣವೇ ಹೊರತು ಖಾರ ಕಡಿಮೆ. ಅಂಥ ಮೆಣಸಿನಕಾಯಿ ಇಷ್ಟು ಘಾಟು ಕೊಟ್ಟ ಮೇಲೆ ನಾನು ವಾದ ಮಾಡಲಿಲ್ಲ. ಬೀಗತಿ ದನಿ ತಗ್ಗಿಸಿದರು.

"ನೀವು ಹೋಗೋ ಯೋಚ್ನೇಲಿದೀರಿ. ಆ ಜಾಲರಿ ನಿಮ್ ಬೇಸ್‌ಮೆಂಟಲ್ಲಿ ಮಾತ್ರ ಇದೆ ಅಂದ್ಕೊಂಡ್ರಾ? ಮೇಲಿನ ರೂಮಲ್ಲೂ ಒಂದಿದೆ. ಮಾರನೇ ದಿನಾನೇ ಮಗನಿಗೆ ಹೇಳ್ದೆ, ಕಳ್ಸೋದಾದ್ರೆ ಇಬ್ರನ್ನೂ ಒಂದೇ ವಿಮಾನಕ್ಕೆ ಹತ್ಸು ಅಂತ. ನೀವೂ ಇಲ್ದೆ, ಇವ್ರೆಲ್ಲ ಬೆಳಿಗ್ಗೆ ಹೊರಟೋದ್ಮೇಲೆ ನಾನೇನು ಗೋಡೆ ಜೊತೆ ಮಾತಾಡ್ಲಾ? ನಂಗೆ ರಿಮೋಟ್ ಒತ್ತೋಕೂ ಬರಲ್ಲ."

"ಅಂವ ಏನಂದ?"

"ಏನಂತಾನೆ? ತಲೆ ಕೆರ್ಕೊಂಡ."

ಅಷ್ಟರಲ್ಲಿ ಗರಾಜಿನ ರೇಡಿಯೊದಲ್ಲಿ ಜನ ಭೋರೆಂದರು. ಮುದುಕ ಟೊಮೆಟೊ ಹಿಡಿದ ಕೈಯನ್ನೇ ಮೇಲೆತ್ತಿದ. ಮೇಘಾ ಕುಣಿದಳು. "ಹಿ ಡಿಡ್ ಇಟ್! ಮೈಸೂರಜ್ಜಿ, ಹಿ ಪಾಸ್ಡ್ ಹಿಮ್!"

ಎಷ್ಟೋ ವಾರ ಕಾದ ಹೊಡೆತವನ್ನು ನಾವಿಬ್ಬರೂ ನೋಡಲಿಲ್ಲ. ಆ ಚೆಂಡು ಹೇಗೆ ಹಾರಿತೋ ನನಗೆ ಗೊತ್ತಿಲ್ಲ. ಮೋಡವಿಲ್ಲದ ಆಕಾಶವೊಂದು ನೆನಪಿದೆ, ಅದರ ಕೆಳಗೆ ಇನ್ನೂ ಚೀರುತ್ತಿದ್ದ ನಮ್ಮ ಮನೆ.

"ಮೀಸ್ಯಾಂವನ ಹೆಸರು ತಗದ್ರೇನು?" ಎಂದು ಮೇಘಾಳನ್ನು ಕೇಳಿದೆ.

"ನೋ ಅಜ್ಜಿ! ಯಾಕೆ ತೆಗೀತಾರೆ? ಹಿ ಇಸ್ ಸ್ಟಿಲ್ ದೇರ್. ಜಸ್ಟ್ ಸೆಕೆಂಡ್."

ಆ ಚಳಿಗಾಲ ಯಾರೂ ವಿಮಾನ ಹತ್ತಲಿಲ್ಲ. ಅಳಿಯ ಟಿವಿಯನ್ನು ಹಾಲ್‌ಗೆ ತಂದ, ಅಮ್ಮನ ಮೊಣಕಾಲಿಗಾಗಿ ಎಂದ. ನಾನು ಬೇಸ್‌ಮೆಂಟಿನಲ್ಲೇ ಉಳಿದೆ. ಬೇಸಿಗೆಯಲ್ಲಿ ಅಲ್ಲಿ ತಂಪು. ಅರೆನಿದ್ದೆಯಲ್ಲಿ ನಮ್ಮ ಓಣಿಗೆ ಓಡಿ ಬರುವವರು ಈಗ ಇಬ್ಬರಾದರು. ಕಟ್ಟೆಯ ಮೇಲೆ ಒಬ್ಬ ಮೀಸೆ ಒರೆಸಿಕೊಳ್ಳುವನು, ಪಕ್ಕದಲ್ಲಿ ಕೂತವನು ಜಗಿಯುವನು. ಹೋದ ವರ್ಷ ಬೀಗತಿ ತಾವಾಗಿಯೇ ಮೈಸೂರಿಗೆ ಹೊರಟರು. "ಚಳಿ ಸಾಕಾಯ್ತು ಬೀಗ್ರೇ," ಎಂದರು, ಅಷ್ಟೇ. ನಾನೂ ತಡೆಯಲಿಲ್ಲ. ಮೇಲಿನ ರೂಮು ಖಾಲಿ ಇದೆ. ನನ್ನನ್ನು ಹತ್ತಿ ಬಾ ಎನ್ನುತ್ತಾರೆ, ಹತ್ತಿಲ್ಲ.

ನಿನ್ನೆ ಸೌಟು ಹಿಡಿದು ಕೂತು ನೋಡುತ್ತಿರುವಂತೆಯೇ, ಮೇಘಾ ಹೇಳಿದ್ದ ಆ ಹೊಸಬ ಹೊಡೆದ. ಚೆಂಡು ದೀಪಗಳ ಮೇಲೆ ಏರಿ, ನಿಂತಂತೆ ಕಂಡು, ಆಮೇಲೆ ಬಿತ್ತು. ಪಟ್ಟಿ ಬಂತು. ತಲೆಯ ಮೇಲೆ ಹೊಸಬ. ಅವನ ಕೆಳಗೆ ಅಡಿಕೆಬಾಯಿ. ಅವನ ಕೆಳಗೆ ನನ್ನ ಮೀಸೆಯವನು. ಮೇಘಾಗೆ ಫೋನ್ ಹಚ್ಚಲು ಹೇಳಿದೆ. ಮೈಸೂರಿನಲ್ಲಿ ಆಗ ಬೆಳಗಾಗುತ್ತಿತ್ತು.

"ಬೀಗರ, ನಿಮ್ಮ ಹುಡುಗ ಒಂದು ಪಾವಟಿಗಿ ಇಳದ."

ಆ ಕಡೆ ಕಾಫಿ ಹೀರಿದ ಸದ್ದು. "ಇಳೀಲಿ ಬಿಡಿ. ನಿಮ್ಮೋನ ಪಕ್ಕ ಬಿಟ್ಟು ಎಲ್ಲೂ ಹೋಗಿಲ್ವಲ್ಲ? ಹೊಸಬ ಹೇಗಿದಾನೆ?"

"ಮಸ್ತ್ ಅದಾನ್ರಿ. ಏನ್ ತೋಳು ಅಂತೀರಿ..."

"ಅಯ್ಯೋ, ಥೂ ಅನ್ರೀ ಮೊದ್ಲು! ಹೊಗಳಿಬಿಟ್ರಲ್ಲ! ಏಳಿ, ದೃಷ್ಟಿ ತೆಗೀರಿ ಆ ಮಗೂಗೆ. ಫೋನ್ ಇಡ್ಬೇಡಿ, ಹಾಗೇ ಇರ್ಲಿ."

ನಾನು ಎದ್ದೆ. ಉಪ್ಪು, ಮೆಣಸಿನಕಾಯಿ ಹಿಡಿದು ಟಿವಿಗೆ ನಿವಾಳಿಸಿದೆ. ಮೇಘಾ ಈ ಸಲ ಅಡ್ಡ ಬಂದೆ ಎನ್ನಲಿಲ್ಲ. ಕಿಟಕಿ ತೆರೆದು, ಕುರ್ಚಿ ಹತ್ತಿ, ಟವೆಲ್ ಹಿಡಿದು ಡಬ್ಬಿಯ ಕೆಳಗೆ ಸಿದ್ಧಳಾದಳು. ಫೋನನ್ನು ಒಲೆಯ ಪಕ್ಕದಲ್ಲಿಟ್ಟು, ಕೆಂಪಗಾದ ಸುರುಳಿಯ ಮೇಲೆ ಮುಷ್ಟಿ ಬಿಚ್ಚಿದೆ.

"ಬಂತಾ ಘಾಟು?" ಎಂದು ಕೇಳಿದರು ಬೀಗತಿ.

ಮಾತಾಡಲು ಆಗಲಿಲ್ಲ. ಅವರಿಗೆ ಕೇಳಿಸುವಂತೆ ಫೋನಿನ ಕಡೆ ತಿರುಗಿ ಕೆಮ್ಮಿದೆ.