ಡಬ್ಬಿಗೆ ಬೀಳದ ಮುಚ್ಚಳ

ಬೆಳಗಿನ ನಮಾಜು ಮುಗಿದು ಅರ್ಧ ತಾಸೂ ಆಗಿಲ್ಲ. ಮರುಭೂಮಿಯಂಚಿನ ಊರು ಐನ್ ಗುರ್ಬಾದ ಡಾಂಬರು ರಸ್ತೆ ಮುಗಿದು ಮರಳು ಶುರುವಾಗುವ ಜಾಗದಲ್ಲಿ ಹುವೈದಿ ಜಿಬ್ರೀಲ್ ಒಂದು ಪಿಕಪ್ಪಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾರೆ. ವಾಲ್ವಿನ ಒಳಗಿನ ಪಿನ್ನನ್ನು ಮೊಳೆಯಿಂದ ಒತ್ತಿ ಹಿಡಿದಿದ್ದಾರೆ. ಗಾಳಿ ಬುಸ್ಸೆಂದು ಹೊರಗೆ ಬರುತ್ತಿದೆ, ಟೈರಿನ ಹೊಟ್ಟೆ ಮೆಲ್ಲಗೆ ನೆಲಕ್ಕೆ ಹರಡಿಕೊಳ್ಳುತ್ತಿದೆ. ಗಾಳಿ ಅಳೆಯುವ ಗೇಜು ಅವರ ಗುಡಿಸಲಿನ ಗೋಡೆಯ ಮೊಳೆಗೆ ನೇತಾಡುತ್ತಿದೆ. ಹುವೈದಿ ಅದನ್ನು ಮುಟ್ಟುವುದಿಲ್ಲ. ಹೆಬ್ಬೆರಳನ್ನೂ ತೋರುಬೆರಳನ್ನೂ ಚಾಚಿ, ಟೈರು ನೆಲಕ್ಕೆ ತಾಗಿದ ಉದ್ದವನ್ನು ಅಳೆಯುತ್ತಾರೆ.

"ರಸ್ತೆಗೆ ಒಂದು ಚೋಟು, ಮರಳಿಗೆ ಎರಡು ಚೋಟು. ಇಷ್ಟೇ ನನ್ನ ವಿದ್ಯೆ" ಎನ್ನುತ್ತಾರೆ.

ನಾಲ್ಕೂ ಚಕ್ರ ಮುಗಿದ ಮೇಲೆ ಡ್ರೈವರನ ಮುಂದೆ ಅಂಗೈ ಚಾಚುತ್ತಾರೆ. ದುಡ್ಡಿಗಲ್ಲ, ವಾಲ್ವಿನ ಮುಚ್ಚಳಕ್ಕೆ. ಮರಳಿಗೆ ಇಳಿಯುವ ಪ್ರತಿಯೊಂದು ಗಾಡಿಯೂ ಒಂದು ಮುಚ್ಚಳವನ್ನು ಹುವೈದಿಯ ಚಹಾ ಡಬ್ಬಿಗೆ ಹಾಕಿ ಹೋಗಬೇಕು. ವಾಪಸು ಬಂದಾಗ ಗಾಳಿ ತುಂಬಿಸಿಕೊಂಡು ಮುಚ್ಚಳ ತೆಗೆದುಕೊಂಡು ಹೋಗಬೇಕು. ಹೀಗೆ ಮಾಡಿದರೆ ಒಂದೇ ಏಟಿಗೆ ಎರಡು ಕೆಲಸ. ಮರಳಿನಿಂದ ಬಂದವರು ಇಳಿದ ಗಾಳಿಯಲ್ಲೇ ಡಾಂಬರಿನ ಮೇಲೆ ಓಡಿಸಿ ಟೈರು ಕಾಯಿಸಿ ಸಿಡಿಸಿಕೊಳ್ಳುವುದಿಲ್ಲ. ಸಂಜೆ ಡಬ್ಬಿಯಲ್ಲಿ ಮುಚ್ಚಳ ಉಳಿದರೆ ಯಾರೋ ಒಳಗೆ ಸಿಕ್ಕಿಬಿದ್ದಿದ್ದಾರೆ ಎಂದು ತಿಳಿಯುತ್ತದೆ.

ದಿನಕ್ಕೆ ಇಪ್ಪತ್ತು, ಖರ್ಜೂರ ಕೀಳುವ ಕಾಲದಲ್ಲಿ ನಲವತ್ತು ಗಾಡಿ. ಗಾಡಿಗೆ ನಾಲ್ಕು ಚಕ್ರ, ಬೆಳಿಗ್ಗೆ ಇಳಿಸುವುದು, ಸಂಜೆ ಏರಿಸುವುದು. ಐವತ್ತೆಂಟು ವಯಸ್ಸಿನ ಮಂಡಿಗಳು ಇದನ್ನು ಮೂವತ್ತೊಂದು ವರ್ಷದಿಂದ ಮಾಡುತ್ತಿವೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟು, ಹದಿನೇಳಕ್ಕೆ ಎಣ್ಣೆ ಹುಡುಕುವವರ ಲಾರಿಗಳ ಜೊತೆ ಮರಳಿಗೆ ಇಳಿದವರು. ಅಲ್ಲೇ ಒಂದು ದಿನ ಲಾರಿಯ ಟೈರನ್ನು ರಿಮ್ಮಿಗೆ ಹಿಡಿದಿಡುವ ಕಬ್ಬಿಣದ ಬಳೆ ಸಿಡಿದು ತೋರುಬೆರಳಿನ ತುದಿ ಹಾರಿಹೋಯಿತು. ಹಾಗಾಗಿ ಅವರ ಚೋಟು ಬೇರೆಯವರದಕ್ಕಿಂತ ಗಿಡ್ಡ. ಐನ್ ಗುರ್ಬಾದ ಡ್ರೈವರುಗಳು ಖರ್ಜೂರದ ಗರಿಯ ದಿಂಡನ್ನು ಆ ಗಿಡ್ಡ ಚೋಟಿಗೆ ಸರಿಯಾಗಿ ಕತ್ತರಿಸಿ ಗಾಡಿಯಲ್ಲಿಟ್ಟುಕೊಂಡಿದ್ದಾರೆ. ಅದಕ್ಕೆ ಅವರೆಲ್ಲ ಕರೆಯುವುದು 'ಹುವೈದಿ' ಎಂದೇ.

ಇವತ್ತು ಅವರು ಚಹಾಕ್ಕೆ ಕೆಂಡ ಕೂಡ ಹಾಕಿಲ್ಲ. ಆಂಬುಲೆನ್ಸ್ ಬರಬೇಕಿದೆ, ಅದರ ಜೊತೆ ಆರೋಗ್ಯ ಇಲಾಖೆಯ ಉಗ್ರಾಣದ ಅಧಿಕಾರಿಯೂ.

ವಿಷಯ ಇಷ್ಟು. ಮೂರು ತಿಂಗಳ ಹಿಂದೆ ಆಂಬುಲೆನ್ಸಿನ ಹಳೆಯ ಕಿರಿದಾದ ಟೈರುಗಳನ್ನು ಬಿಚ್ಚಿಸಿ ಉಗ್ರಾಣದಿಂದ ಹೊಸ ಅಗಲ ಟೈರುಗಳನ್ನು ಹಾಕಿಸಿದರು. ಮೂವತ್ತೈದು ಪೌಂಡ್ ಗಾಳಿ ತುಂಬಿ ನಾಲ್ಕೂ ಮುಚ್ಚಳಗಳ ಮೇಲೆ ಹಳದಿ ಬಣ್ಣ ಬಳಿದರು. ಬಣ್ಣ ಒಡೆದರೆ ಸರ್ಕಾರಿ ಗಾಳಿ ಬಿಟ್ಟಂತೆ, ಡ್ರೈವರನ ಅರ್ಧ ತಿಂಗಳ ಸಂಬಳ ಕಡಿತ. ಡ್ರೈವರ್ ಮಿಫ್ತಾಹ್ ಅಂದಿನಿಂದ ಹುವೈದಿಯ ಮುಂದೆ ನಿಲ್ಲಿಸದೆ ಹೋಗತೊಡಗಿದ. ಕಳೆದ ತಿಂಗಳು, ಮರಳಿನಾಚೆ ಅರವತ್ತು ಕಿಲೋಮೀಟರಿನ ಬೀರ್ ಹುಮೈದ್‌ನಲ್ಲಿ ಹೆರಿಗೆ ನೋವು ತಿನ್ನುತ್ತಿದ್ದವಳನ್ನು ತರಲು ಹೊರಟವನು ಅರ್ಧ ದಾರಿಯಲ್ಲಿ ಚಕ್ರದ ಇರುಸಿನವರೆಗೆ ಹೂತುಹೋದ. ಫೋನು ಸಿಗದ ಜಾಗ. ಸಂಜೆ ಹುವೈದಿ ಡಬ್ಬಿ ನೋಡಿದರು, ಖಾಲಿ ಇತ್ತು. ಬಾಗಿಲು ಹಾಕಿ ಮನೆಗೆ ಹೋಗಿ ಉಂಡು ಮಲಗಿದರು. ಮಿಫ್ತಾಹ್ ಮಾರನೆಯ ಬೆಳಿಗ್ಗೆ ಒಂಟೆಯವನೊಬ್ಬನ ಕಣ್ಣಿಗೆ ಬಿದ್ದ. ಹೆಂಗಸು ಬದುಕಿಕೊಂಡಳು. ಮಗು ಉಳಿಯಲಿಲ್ಲ.

"ಬಣ್ಣ ಬಳಿದೋರು ಅವರು. ಆದ್ರೆ ಡಬ್ಬಿ ನಂದು" ಎಂದಷ್ಟೇ ಹೇಳುತ್ತಾರೆ ಹುವೈದಿ.

ಅಂದಿನಿಂದ ಆ ದಾರಿಗೆ ಆಂಬುಲೆನ್ಸ್ ಬಂದ್. ಇವತ್ತು ಅಧಿಕಾರಿ ಬರೆಯುವ ವರದಿಯ ಮೇಲೆ ಬೀರ್ ಹುಮೈದ್‌ಗೆ ಅದು ಮತ್ತೆ ಹೋಗುತ್ತದೋ ಇಲ್ಲವೋ ತೀರ್ಮಾನ. ಅಲ್ಲಿನ ಮುದುಕಿ ಸಲ್ಮಾಗೆ ವಾರಕ್ಕೆ ಎರಡು ಸಲ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ನಿಂದ ರಕ್ತ ಶುದ್ಧಿ ಮಾಡಿಸಬೇಕು. ಈಗ ಅವಳು ಕುರಿ ಸಾಗಿಸುವ ಪಿಕಪ್ಪಿನ ಹಿಂದೆ, ಹಾಸಿಗೆಯ ಮೇಲೆ ಮಲಗಿ ಬರುತ್ತಾಳೆ.

ಬಿಸಿಲು ಏರುವ ಹೊತ್ತಿಗೆ ಆಂಬುಲೆನ್ಸ್ ಬರುತ್ತದೆ. ಅಧಿಕಾರಿ ರಾಫತ್ ಇಳಿಯುತ್ತಾರೆ. ಇಸ್ತ್ರಿ ಮಾಡಿದ ಪ್ಯಾಂಟು, ಬಗಲಲ್ಲಿ ಫೈಲು. ಟೈರು ಆರಿಸಿದವರು ಅವರೇ.

"ಬಣ್ಣ ಒಡೆದಿಲ್ಲ, ಟೈರು ಹೊಸದು. ಅಂದ್ರೆ ತಪ್ಪು ಡ್ರೈವರಂದೇ. ಅಗಲ ಜಾಸ್ತಿ ಆದ್ರೆ ಹಿಡಿತ ಜಾಸ್ತಿ. ಮಕ್ಕಳಿಗೂ ಗೊತ್ತಿರೋ ವಿಷಯ" ಎನ್ನುತ್ತಾರೆ.

"ಮಕ್ಕಳಿಗೆ ಗೊತ್ತು ಸಾಹೇಬ್ರೆ. ಮರಳಿಗೆ ಗೊತ್ತಿಲ್ಲ" ಎನ್ನುತ್ತಾರೆ ಹುವೈದಿ.

ಮಿಫ್ತಾಹ್ ಮುಖ ಆಚೆ ತಿರುಗಿಸಿ ನಗು ನುಂಗುತ್ತಾನೆ. "ಮಾವ, ಇರೋ ಕೆಲಸಾನೂ ಕಳೀಬೇಡ ನಂದು" ಎಂದು ಗೊಣಗುತ್ತಾನೆ.

"ನೀನು ಸುಮ್ನೆ ಜಾಕ್ ಕೊಡೋ."

ಹುವೈದಿ ಮುಂದಿನ ಅಗಲ ಚಕ್ರವನ್ನು ಎತ್ತಿ, ಟೈರಿಗೆ ಎಣ್ಣೆ ಬೆರೆಸಿದ ಮಸಿ ಬಳಿದು, ಕೆಳಗೆ ಚಹಾ ಪೆಟ್ಟಿಗೆಯ ರಟ್ಟು ಹಾಸಿ, ಗಾಡಿಯನ್ನು ಇಳಿಸಿ ಮತ್ತೆ ಎತ್ತುತ್ತಾರೆ. ರಟ್ಟಿನ ಮೇಲೆ ಕರಿ ಅಚ್ಚು ಮೂಡುತ್ತದೆ, ಅಗಲ ಮತ್ತು ಮೋಟು. ಆಮೇಲೆ ಗುಡಿಸಲಿನಲ್ಲಿ ಎತ್ತಿಟ್ಟಿದ್ದ ಆಂಬುಲೆನ್ಸಿನ ಹಳೆಯ ಕಿರಿದಾದ ಚಕ್ರ ತಂದು ಅದೇ ಜಾಗಕ್ಕೆ ಹಾಕಿ, ಅದಕ್ಕೂ ಮೂವತ್ತೈದು ತುಂಬಿ ಅಚ್ಚು ತೆಗೆಯುತ್ತಾರೆ. ಕಿರಿದು, ಉದ್ದ. ಕುರಿಗಳಿಗೆ ಅರೆದು ಹಾಕಲು ಕೂಡಿಟ್ಟ ಖರ್ಜೂರದ ಬೀಜದ ಚೀಲವನ್ನು ರಾಫತ್ ಮುಂದೆ ಸುರಿಯುತ್ತಾರೆ.

"ಅಚ್ಚಿನ ಒಳಗೆ ಒತ್ತೊತ್ತಾಗಿ ಜೋಡಿಸಿ, ಎಣಿಸಿ. ನಾನು ಎಣಿಸಿದ್ರೆ ನಂಬಲ್ಲ ನೀವು."

ರಾಫತ್ ಮೊದಲು ನಿಂತೇ ನೋಡುತ್ತಾರೆ. ಆಮೇಲೆ ಪ್ಯಾಂಟಿನ ಮಂಡಿ ಮೇಲೆತ್ತಿಕೊಂಡು ಕೂರುತ್ತಾರೆ. ಅಗಲ ಟೈರಿನ ಅಚ್ಚಿಗೆ ನೂರ ಮೂವತ್ತನಾಲ್ಕು ಬೀಜ. ಕಿರಿದಾದದ್ದಕ್ಕೆ ನೂರ ಮೂವತ್ತೊಂದು. ಅವರು ಮತ್ತೊಮ್ಮೆ ಎಣಿಸುತ್ತಾರೆ. ಮೂರು ಬೀಜದ ವ್ಯತ್ಯಾಸ ಹಾಗೇ ಉಳಿಯುತ್ತದೆ.

"ಗಾಡಿ ನಿಂತಿರೋದು ಗಾಳಿ ಮೇಲೆ. ಅದೇ ಭಾರ, ಅದೇ ಗಾಳಿ ಇದ್ರೆ ನೆಲ ಮುಟ್ಟೋದೂ ಹೆಚ್ಚುಕಡಿಮೆ ಅಷ್ಟೇ. ನೀವು ಅಗಲಕ್ಕೆ ಎಳೆದ್ರಿ, ಅದು ಉದ್ದದಲ್ಲಿ ಕಡಿಮೆ ಮಾಡ್ಕೊಳ್ತು" ಎಂದು ಹುವೈದಿ ವಿವರಿಸುತ್ತಾರೆ. "ಮರಳಲ್ಲಿ ಮೋಟು ಅಚ್ಚು ಸಲಿಕೆ ಇದ್ದಂಗೆ. ಮುಂದೆ ಗುಡ್ಡೆ ಮಾಡುತ್ತೆ, ಆ ಗುಡ್ಡೆ ಹತ್ತೋಕೆ ಹೋಗಿ ತನ್ನ ಗುಂಡಿ ತಾನೇ ತೋಡ್ಕೊಳ್ಳುತ್ತೆ."

"ರಸ್ತೆ ಮೇಲೆ?"

"ಖರ್ಜೂರ ತೂಗೋ ಸ್ಪ್ರಿಂಗ್ ತಕ್ಕಡಿ ತರ್ತೀನಿ. ಅದರ ಕೊಕ್ಕೆಗೆ ಇಟ್ಟಿಗೆ ಕಟ್ಟಿ ಮಲಗಿಸಿ ಎಳೀರಿ, ನಿಲ್ಲಿಸಿ ಎಳೀರಿ. ಮುಳ್ಳು ಒಂದೇ ಕಡೆ ನಿಲ್ಲುತ್ತೆ. ಹಿಡಿತ ಬರೋದು ಭಾರದಿಂದ, ಮೈಯ ಒರಟಿನಿಂದ. ಅಗಲದಿಂದಲ್ಲ."

"ರಬ್ಬರ್ ಇಟ್ಟಿಗೆಯಲ್ಲ ಹಾಜಿ" ಎಂದು ರಾಫತ್ ತಟ್ಟನೆ ಹೇಳುತ್ತಾರೆ.

ಹುವೈದಿ ತಲೆಯಾಡಿಸುತ್ತಾರೆ. "ಆ ಮಾತು ಸರಿ. ಕಾದ ಡಾಂಬರಿನ ಮೇಲೆ ಅಗಲ ರಬ್ಬರು ಚೂರು ಜಾಸ್ತಿ ಅಂಟುತ್ತೆ. ಬೀರ್ ಹುಮೈದ್‌ಗೆ ಡಾಂಬರು ಹಾಕಿಸಿ, ಅಗಲದ್ದು ನಾನೇ ಹಾಕ್ಕೊಡ್ತೀನಿ."

ರಾಫತ್ ನಗುವುದಿಲ್ಲ. ಕರ್ಚೀಫಿನಿಂದ ಕೈ ಒರೆಸುತ್ತಾರೆ. ಹಳೆಯ ಟೈರುಗಳಿಗೆ ವಾಪಸು ಹೋಗಲು ಆಗದು, ಬಿಲ್ಲು ಆಗಿದೆ ಎನ್ನುತ್ತಾರೆ. ಹುವೈದಿ ವಾದಕ್ಕೆ ಇಳಿಯುವುದಿಲ್ಲ. ಅಗಲ ಚಕ್ರವನ್ನೇ ಮತ್ತೆ ಹಾಕಿ, ಮೊಳೆ ಮುಂದೆ ಚಾಚುತ್ತಾರೆ. "ಹಂಗಾದ್ರೆ ಇದರಲ್ಲೇ ಗಾಳಿ ಇಳಿಸಿ ನೋಡಿ. ಬಣ್ಣ ನೀವೇ ಒಡೀಬೇಕು. ನಾನು ಒಡೆದ್ರೆ ಇವನ ಸಂಬಳ ಹೋಗುತ್ತೆ."

ರಾಫತ್ ಮೊಳೆ ತೆಗೆದುಕೊಳ್ಳುವುದಿಲ್ಲ. ಜೇಬಿನಿಂದ ಮನೆಯ ಕೀಲಿಕೈ ತೆಗೆದು ಹಳದಿ ಬಣ್ಣ ಕೆರೆಯುತ್ತಾರೆ. ಗಾಳಿ ಹದಿನೈದಕ್ಕೆ ಇಳಿಯುತ್ತದೆ, ಅಚ್ಚು ಎರಡು ಚೋಟು ಉದ್ದವಾಗುತ್ತದೆ. ಮೂರನೆಯ ರಟ್ಟಿನ ಮೇಲೆ ಇನ್ನೂರ ಎಪ್ಪತ್ತೆಂಟು ಬೀಜ. ಈ ಸಲ ಅವರು ಎರಡನೆಯ ಬಾರಿ ಎಣಿಸುವುದಿಲ್ಲ. ಉಳಿದ ಮೂರು ಮುಚ್ಚಳಗಳ ಬಣ್ಣವನ್ನೂ ಕೆರೆದುಕೊಡುತ್ತಾರೆ, ಹುವೈದಿ ಆ ಚಕ್ರಗಳ ಗಾಳಿಯನ್ನೂ ಇಳಿಸುತ್ತಾರೆ.

"ಒಂದು ಸಲ ಹೋಗಿ ಬರೋಣ. ಹೂತುಹೋದ್ರೆ ದಾರಿ ಬಂದ್ ಅಂತ ವರದಿ ಇವತ್ತೇ ಬರೀತೀನಿ" ಎಂದು ರಾಫತ್ ಗಾಡಿ ಹತ್ತುತ್ತಾರೆ.

"ಹೂತುಹೋದ್ರೆ ಇವತ್ತು ಬರೆಯೋಕಾಗಲ್ಲ ಸಾಹೇಬ್ರೆ, ನಾಳೆನೇ" ಎನ್ನುತ್ತಾನೆ ಮಿಫ್ತಾಹ್.

ಹುವೈದಿ ಕಿಟಕಿಯ ಬಳಿ ಅಂಗೈ ಚಾಚುತ್ತಾರೆ. ಏನೆಂದು ರಾಫತ್‌ಗೆ ತಿಳಿಯುವುದಿಲ್ಲ. ಮಿಫ್ತಾಹ್ ಹೇಳಿದ ಮೇಲೆ ಅರ್ಧ ಹಳದಿ ಉಳಿದ ಮುಚ್ಚಳವನ್ನು ಕೊಡುತ್ತಾರೆ. ಮೂರು ತಿಂಗಳಲ್ಲಿ ಮೊದಲ ಸಲ ಆಂಬುಲೆನ್ಸಿನ ಮುಚ್ಚಳ ಡಬ್ಬಿಯೊಳಗೆ ಬಿದ್ದು ಟಣ್ ಎನ್ನುತ್ತದೆ.

ಮಧ್ಯಾಹ್ನ ಹೆಂಡತಿ ಗಜಾಲಾ ರೊಟ್ಟಿ, ಈರುಳ್ಳಿ ಕಳಿಸುತ್ತಾಳೆ. ತಟ್ಟೆ ಹಾಗೇ ವಾಪಸು ಹೋಗುತ್ತದೆ. ನಾಲ್ಕು ಗಂಟೆಯಿಂದ ಗಾಡಿಗಳು ಒಂದೊಂದಾಗಿ ಮರಳಿನಿಂದ ಮೇಲೆ ಬರುತ್ತವೆ. ಕಂಪ್ರೆಸರ್ ಕೆಮ್ಮುತ್ತದೆ, ಹುವೈದಿ ಗಾಳಿ ತುಂಬುತ್ತಾರೆ, ಮುಚ್ಚಳ ವಾಪಸು ಕೊಡುತ್ತಾರೆ. ಹದಿನೆಂಟು ಗಾಡಿ ಹೋದ ಮೇಲೆ ಡಬ್ಬಿಯಲ್ಲಿ ಉಳಿದದ್ದು ಹಳದಿ ಮುಚ್ಚಳ ಒಂದೇ. ಕೊನೆಯ ಪಿಕಪ್ಪಿನವನು ಹೊರಡುವಾಗ ಹುವೈದಿ ಅವನ ಸಲಿಕೆಯನ್ನೂ ಹಗ್ಗವನ್ನೂ ಕೇಳಿ ಇಟ್ಟುಕೊಳ್ಳುತ್ತಾರೆ. ಡಬ್ಬಿ ಮಡಿಲಲ್ಲಿಟ್ಟುಕೊಂಡು ದಿಣ್ಣೆಗಳ ಕಡೆ ಮುಖ ಮಾಡಿ ಕೂರುತ್ತಾರೆ.

ಸೂರ್ಯ ದಿಣ್ಣೆಯನ್ನು ಮುಟ್ಟುವ ಹೊತ್ತಿಗೆ ಆಂಬುಲೆನ್ಸ್ ಕಾಣುತ್ತದೆ. ಒಳಗೆ ಸಲ್ಮಾ ಮಲಗಿದ್ದಾಳೆ. ರಾಫತ್‌ರ ಪ್ಯಾಂಟಿನ ತುಂಬ ಮರಳು.

"ಹೂತುಹೋಯ್ತಾ?" ಎನ್ನುತ್ತಾರೆ ಹುವೈದಿ.

"ಇಲ್ಲ. ಇವರು ಫೋಟೋ ತೆಗೆಯೋಕೆ ಇಳಿದು ದಿಣ್ಣೆಯಿಂದ ಜಾರಿದ್ರು. ಇವರ ಬೂಟಲ್ಲೂ ಗಾಳಿ ಜಾಸ್ತಿ ಇತ್ತು ಮಾವ" ಎನ್ನುತ್ತಾನೆ ಮಿಫ್ತಾಹ್.

ಒಳಗಿನಿಂದ ಸಲ್ಮಾಳ ದನಿ ಬರುತ್ತದೆ: "ಏ ಹುವೈದಿ, ನಿನ್ನ ಹರಟೆ ಆಮೇಲೆ ಇಟ್ಕೋ. ಬೇಗ ಗಾಳಿ ಹಾಕು, ನನ್ನ ಪಾಳಿ ತಪ್ಪುತ್ತೆ."

ಹುವೈದಿ ಬೇಗ ಬೇಗ ಒಂದು ಚೋಟಿಗೆ ತುಂಬುತ್ತಾರೆ. ಅಷ್ಟರಲ್ಲಿ ರಾಫತ್ ಬಾನೆಟ್ಟಿನ ಮೇಲೆ ಫೈಲಿಟ್ಟು ಬರೆಯುತ್ತಾರೆ. ಬೀರ್ ಹುಮೈದ್ ದಾರಿ: ಹೋಗಬಹುದು. ಡ್ರೈವರನ ತಪ್ಪು: ಇಲ್ಲ. ಟೈರು ಆರಿಸಿದವರ ತಪ್ಪಿಗೆ ಆ ನಮೂನೆಯಲ್ಲಿ ಜಾಗವಿಲ್ಲ, ಅವರೂ ಜಾಗ ಮಾಡುವುದಿಲ್ಲ. ಗಾಳಿಯ ಒತ್ತಡ ಎಂಬಲ್ಲಿಗೆ ಬಂದು ಪೆನ್ನು ನಿಲ್ಲುತ್ತದೆ. ಆಮೇಲೆ 'ಮರಳಿನಲ್ಲಿ ಎರಡು ಹುವೈದಿ' ಎಂದು ಬರೆದು ಸಹಿ ಹಾಕುತ್ತಾರೆ.

ಮಿಫ್ತಾಹ್ ಅದನ್ನು ಜೋರಾಗಿ ಓದಿ ಹೇಳುತ್ತಾನೆ. ಹುವೈದಿ ಹಳದಿ ಮುಚ್ಚಳವನ್ನು ತಾವೇ ತಿರುಗಿಸಿ ಬಿಗಿ ಮಾಡುತ್ತಾರೆ. ಆಂಬುಲೆನ್ಸ್ ಡಾಂಬರು ಹತ್ತಿ ಹೋದ ಮೇಲೆ, ನಿಮಗೆ ಇನ್ನೇನು ಬೇಕು ಎಂದು ಕೇಳಿದರೆ ಮಸಿ ಕೈಯನ್ನು ಮರಳಿನಲ್ಲಿ ಉಜ್ಜಿಕೊಳ್ಳುತ್ತಾರೆ.

"ಹಳೇ ಟೈರು ವಾಪಸ್ ಹಾಕಿದ್ರೆ ಒಳ್ಳೇದು. ಹಾಕಲ್ಲ, ಗೊತ್ತು. ಸಂಜೆ ಡಬ್ಬಿ ಖಾಲಿ ಇರ್ಲಿ ಅಂತ ಇಷ್ಟು ವರ್ಷ ಕೇಳ್ಕೊಳ್ತಿದ್ದೆ. ಆವತ್ತೂ ಖಾಲಿ ಇತ್ತಲ್ಲ. ಈಗ ಬೆಳಿಗ್ಗೆ ಎಲ್ಲರ ಮುಚ್ಚಳಾನೂ ಅದರೊಳಗೆ ಬೀಳ್ಲಿ ಅಂತ ಕೇಳ್ಕೊಳ್ತೀನಿ. ಖಾಲಿ ಮಾಡೋದು ನಾನು ನೋಡ್ಕೊಳ್ತೀನಿ."