ಅವಳ ಹದಿನೈದು ಸೆಂಟಿಮೀಟರ್

ತಿಕೋಟಾದಿಂದ ಬಸ್ಸಿನಲ್ಲಿ ಬರುತ್ತಿದ್ದ ನನ್ನ ಸಹಪಾಠಿಯೊಡನೆ ವಾದ ಗೆಲ್ಲುವುದು ಕಷ್ಟವಿತ್ತು. ನಾನೆಷ್ಟೇ ಕೆಣಕಿದರೂ ಕನ್ನಡಕ ಒರೆಸಿಕೊಂಡು, "ನಾ ಕಂಡದ್ದಷ್ಟ ಹೇಳ್ತೀನೋ ಯಪ್ಪಾ" ಎನ್ನುತ್ತಿದ್ದಳು.

ಪಿಯುಸಿಯ ಭೌತಶಾಸ್ತ್ರ ಪ್ರಾಯೋಗಿಕ ಪರೀಕ್ಷೆ ಮುಗಿಸಿ, ಬೇವಿನ ಮರದಡಿ ಉತ್ತರ ಹೋಲಿಸುತ್ತಿದ್ದೆವು. ಮಸೂರದ ನಾಭಿದೂರ ನಮಗೆಲ್ಲ ಇಪ್ಪತ್ತು ಸೆಂಟಿಮೀಟರ್, ಅವಳಿಗೊಬ್ಬಳಿಗೆ ಹದಿನೈದು.

"ಮುಗೀತ ಬೇ, ನೀ ಫೇಲ್!" ಎಂದ ಬಬಲೇಶ್ವರದ ಗೆಳೆಯ. ಎಲ್ಲರೂ ಒಂದೇ ಹೇಳಿದರೆ ಅದೇ ಸರಿಯೆಂಬ ಪೊಳ್ಳು ವಾದ ಅಂದು ಗಟ್ಟಿಯಾಗಿಯೇ ಕಂಡಿತು. ಅವಳು ಅತ್ತಳು.

ಅಷ್ಟರಲ್ಲಿ ನಮ್ಮ ಉತ್ತರಪತ್ರಿಕೆ ಹಿಡಿದು ಹೊರಬಂದ ಲ್ಯಾಬಿನ ಮೇಷ್ಟ್ರು ಕೇಳಿದರು: "ಒಂದೊಂದು ಟೇಬಲಿಗೆ ಬ್ಯಾರೆ ಬ್ಯಾರೆ ಲೆನ್ಸ್ ಇಟ್ಟಿದ್ದೆ. ಈಕಿನ್ನ ಬಿಟ್ಟು ಎಲ್ಲಾರಿಗೂ ಇಪ್ಪತ್ತ ಹ್ಯಾಂಗ ಬಂತಲೇ?"

ಪರೀಕ್ಷೆಗೆ ಮುಂಚಿನ ತಾಲೀಮಿನಲ್ಲಿ ಬಂದಿದ್ದ ಉತ್ತರವನ್ನೇ ನಾವೆಲ್ಲ ಬರೆದಿದ್ದೆವು.

"ಅಯ್ಯ ಸರ್, ಇವರನ್ನ ಫೇಲ್ ಮಾಡಬ್ಯಾಡ್ರಿ!" ಎಂದು ಅವಳು ನಮ್ಮ ಸಲುವಾಗಿ ಮತ್ತೆ ಅಳತೊಡಗಿದಳು.